‘ಹೆಂಗಸರಿಗೆ ಇದೆಲ್ಲ ಇದ್ದದ್ದೇ’ ಎಂಬ ಮಾತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿದಾಗ, ‘ಸಾಫ್ಟ್‌ವೇರ್ ಕೆಲಸ ಹೇಗೆ ಸಿಗುತ್ತೆ ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ’ ಅಂದಿದ್ದರು. ಅದನ್ನು ಕಾರ್ಯಕ್ರಮ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ಕೂತು ಹೇಳುತ್ತೇನೆ, ಬೇಕಾದವರು ಬನ್ನಿ. ಈ ಅಂಗಳಕ್ಕೆ ಕಾಲಿಟ್ಟ ಕೂಡಲೇ ನನಗೆ ಬೇರೆ ಒಂದು ವಿಷಯ ನೆನಪಾಯಿತು. ಅದನ್ನು ಇಲ್ಲೇ ಹೇಳಬೇಕು ಅನ್ನಿಸಿತು. ಸಮಿತಿಯವರ ಒಪ್ಪಿಗೆ ಕೇಳಿದೆ, ನನ್ನ ಅವ್ವನ ಒಪ್ಪಿಗೆಯನ್ನೂ ಕೇಳಿದೆ. ಇಬ್ಬರೂ ಆಗಲಿ ಅಂದರು.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ಬೆಳಗಿನ ಪ್ರಾರ್ಥನೆ ಇದೇ ಧ್ವಜಕಂಬದ ಮುಂದೆ ನಡೆಯುತ್ತಿತ್ತು. ನಾಡಗೀತೆ ಮುಗಿದು, ಪಂಚಾಂಗ, ವಾರ್ತೆ ಓದುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು. ಹುಡುಗಿಯರ ಸಾಲಿನಲ್ಲಿ ಯಾರಾದರೊಬ್ಬರು ತಲೆ ಸುತ್ತಿ ಬೀಳುವುದು ಮಾಮೂಲು. ಅದರಲ್ಲೂ ನಮ್ಮ ತರಗತಿಯ ಒಬ್ಬ ಹುಡುಗಿ ಹದಿನೈದು ದಿನಕ್ಕೊಮ್ಮೆಯಾದರೂ ಬೀಳುತ್ತಿದ್ದಳು. ಅವಳು ಬಿದ್ದ ಕೂಡಲೇ ಹುಡುಗರ ಸಾಲಿನಲ್ಲಿ ‘ಕರೆಂಟ್ ಹೋಯ್ತು’ ಅಂತ ಪಿಸುಗುಟ್ಟಿ ನಗುತ್ತಿದ್ದೆವು. ಆ ಮಾತು ಶುರು ಮಾಡಿದವನು ನಾನೇ. ಮೇಡಂ ಅವಳನ್ನು ನೆರಳಿಗೆ ಕರೆದುಕೊಂಡು ಹೋಗಿ, ನೀರು ಚಿಮುಕಿಸಿ, ‘ತಿಂಡಿ ತಿಂದು ಬಂದಿಲ್ವೇನೇ?’ ಅಂತ ಕೇಳುತ್ತಿದ್ದರು. ಅವಳು ತಲೆ ತಗ್ಗಿಸಿ ಕೂರುತ್ತಿದ್ದಳು.

ಅವಳಿಗೆ ಇನ್ನೊಂದು ಅಭ್ಯಾಸವಿತ್ತು. ಬಳಪ ತಿನ್ನುತ್ತಿದ್ದಳು. ಬೋರ್ಡಿನ ಕೆಳಗೆ ಬಿದ್ದ ಸೀಮೆಸುಣ್ಣದ ತುಂಡನ್ನೂ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದಕ್ಕೂ ನಕ್ಕಿದ್ದೇವೆ. ಅದಕ್ಕಾಗಿ ಅವಳು ಏಟೂ ತಿಂದಿದ್ದಾಳೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಅವಳ ಓದು ನಿಂತಿತು. ನಾನು ತಾಲ್ಲೂಕಿನಲ್ಲಿ ಪಿಯುಸಿ, ಆಮೇಲೆ ಬಿಇ, ಆಮೇಲೆ ಬೆಂಗಳೂರು ಅಂತ ಹೊರಟುಹೋದೆ.

ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದವರಿಗೆ ಮಣ್ಣು, ಬಳಪ, ಹಸಿ ಅಕ್ಕಿಯಂಥವನ್ನು ತಿನ್ನಬೇಕು ಅನ್ನಿಸುವುದುಂಟು, ಅದು ಚಪಲ ಅಲ್ಲ, ಕಾಯಿಲೆಯ ಒಂದು ಗುರುತು ಅಂತ ನನಗೆ ಗೊತ್ತಾಗಿದ್ದು ಹದಿನೈದು ವರ್ಷ ಕಳೆದ ಮೇಲೆ. ಗೊತ್ತಾಗಿದ್ದು ನಮ್ಮ ಮನೆಯಲ್ಲೇ.

ನಮ್ಮ ಅಪ್ಪನಿಗೆ ಒಂದು ರಾತ್ರಿ ಎದೆ ಉರಿ ಬಂತು. ಹತ್ತು ಗಂಟೆಗೆ ಫೋನ್ ಬಂತು. ಹನ್ನೊಂದಕ್ಕೆ ಊರಿನಿಂದ ಕಾರು ಹೊರಟಿತು. ಬೆಳಗಾಗುವುದರೊಳಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇಸಿಜಿ, ಎಕೋ, ರಕ್ತಪರೀಕ್ಷೆ ಎಲ್ಲ ಮುಗಿದಿತ್ತು. ಹೃದಯಕ್ಕೆ ಏನೂ ಆಗಿರಲಿಲ್ಲ, ಬರೀ ಅಸಿಡಿಟಿ. ಸಾವಿರಾರು ರೂಪಾಯಿ ಖರ್ಚಾಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ‘ಸದ್ಯ, ಏನೂ ಆಗಿಲ್ಲವಲ್ಲ’ ಅಂದೆವು. ಹಾಗೆ ಮಾಡಿದ್ದು ಸರಿಯಾಗಿಯೇ ಇತ್ತು.

ಅದೇ ಹೊತ್ತಿನಲ್ಲಿ ನಮ್ಮ ಅವ್ವ ಮೂರು ನಾಲ್ಕು ವರ್ಷದಿಂದ ಏದುಸಿರು ಬಿಡುತ್ತಿದ್ದರು. ಕೊಟ್ಟಿಗೆಯಿಂದ ಹಾಲಿನ ಕ್ಯಾನು ತಂದು ಜಗಲಿಯ ಮೇಲಿಟ್ಟು, ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತುಬಿಡುತ್ತಿದ್ದರು. ಅಕ್ಕಿ ಆರಿಸುತ್ತಾ ಕೂತರೆ ಹಸಿ ಅಕ್ಕಿಯನ್ನು ಹಿಡಿಗಟ್ಟಲೆ ತಿನ್ನುತ್ತಿದ್ದರು. ತಿಂಗಳ ಮುಟ್ಟು ಎಂಟು ಹತ್ತು ದಿನ ಹೋಗುತ್ತಿತ್ತು ಅನ್ನುವುದು ಮಗನಾದ ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ನಮ್ಮ ದೊಡ್ಡಮ್ಮನಿಗೆ ಗೊತ್ತಿತ್ತು. ಇಬ್ಬರೂ ಹೇಳುತ್ತಿದ್ದುದು ಒಂದೇ ಮಾತು: ‘ಹೆಂಗಸರಿಗೆ ಇದೆಲ್ಲ ಇದ್ದದ್ದೇ.’ ನಾನೂ ಸುಮ್ಮನಿರಲಿಲ್ಲ ಅನ್ನಿ. ಹಬ್ಬಕ್ಕೆ ಬಂದಾಗ ಒಂದು ಬಾಟಲಿ ಟಾನಿಕ್ ತಂದುಕೊಟ್ಟು ಹೋಗುತ್ತಿದ್ದೆ.

2018ರಲ್ಲಿ ಊರಿನ ಹತ್ತಿರ ಒಂದು ಆರೋಗ್ಯ ಶಿಬಿರ ನಡೆಯಿತು. ಅವ್ವ ಅಕ್ಕಪಕ್ಕದ ಹೆಂಗಸರ ಜೊತೆ ಹೋಗಿ ರಕ್ತ ಕೊಟ್ಟು ಬಂದರು. ಫೋನ್ ನಂಬರ್ ಕೇಳಿದ್ದಕ್ಕೆ ನನ್ನ ನಂಬರ್ ಬರೆಸಿದರು, ಅವರ ಹತ್ತಿರ ಫೋನ್ ಇರಲಿಲ್ಲ. ಎರಡು ದಿನ ಬಿಟ್ಟು ನನ್ನ ಫೋನಿಗೆ ಎಸ್ಸೆಮ್ಮೆಸ್ ಬಂತು. ‘ನಿಮ್ಮ ವರದಿ ಸಿದ್ಧವಾಗಿದೆ’ ಅಂತ ಒಂದು ಲಿಂಕ್. ನಾನು ಮೀಟಿಂಗಿನಲ್ಲಿದ್ದೆ. ಯಾವುದೋ ಜಾಹೀರಾತು ಇರಬೇಕು ಅಂದುಕೊಂಡು ಬಿಟ್ಟೆ. ಮತ್ತೆ ಅದನ್ನು ನೋಡಲಿಲ್ಲ.

ಹದಿನೆಂಟು ದಿನ ಆದ ಮೇಲೆ ಅವ್ವ ಕೊಟ್ಟಿಗೆಯಲ್ಲಿ ಬಿದ್ದರು. ಪಕ್ಕದ ಮನೆಯವರು ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಬಸ್ಸಿನಲ್ಲಿ ಬರುತ್ತಾ ಆ ಲಿಂಕ್ ತೆರೆದು ನೋಡಿದೆ. ಹಿಮೋಗ್ಲೋಬಿನ್ 5.8 ಅಂತ ಇತ್ತು. ಪಕ್ಕದಲ್ಲಿ ‘ತಕ್ಷಣ ವೈದ್ಯರನ್ನು ಕಾಣಿ’ ಅಂತ ಕೆಂಪು ಅಕ್ಷರದಲ್ಲಿ ಬರೆದಿತ್ತು. ಆ ಕೆಂಪು ಅಕ್ಷರ ಹದಿನೆಂಟು ದಿನ ನನ್ನ ಜೇಬಿನಲ್ಲಿತ್ತು.

ಮಕ್ಕಳೇ, ಆ ಸಂಖ್ಯೆಯ ಅರ್ಥ ನಿಮಗೆ ತಿಳಿದಿರಬೇಕು. ರಕ್ತದಲ್ಲಿರುವ ಹಿಮೋಗ್ಲೋಬಿನ್ ದೇಹಕ್ಕೆಲ್ಲ ಆಮ್ಲಜನಕ ಹೊತ್ತೊಯ್ಯುತ್ತದೆ. ಅದನ್ನು ಮಾಡಲು ಕಬ್ಬಿಣದ ಅಂಶ ಬೇಕು. ಬೆಳೆದ ಗಂಡಸಿಗೆ ಒಂದು ಡೆಸಿಲೀಟರ್ ರಕ್ತದಲ್ಲಿ 13 ಗ್ರಾಂ, ಹೆಣ್ಣಿಗೆ 12, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಅನ್ನುತ್ತಾರೆ. ಸಂತೆಗೆ ಸಾಮಾನು ಹೊರುವ ಹತ್ತು ಗಾಡಿಯಲ್ಲಿ ಐದೇ ಉಳಿದರೆ ಏನಾಗುತ್ತೆ? ಆ ಐದೇ ಗಾಡಿ ಎರಡೆರಡು ಸಲ ಓಡಬೇಕು. ರಕ್ತಹೀನತೆ ಇರುವವರ ಹೃದಯ ಹಾಗೆ ಓಡುತ್ತಿರುತ್ತದೆ. ಎದೆ ಹೊಡೆದುಕೊಳ್ಳುವುದು, ಏದುಸಿರು, ತಲೆಸುತ್ತು, ಎಷ್ಟು ಮಲಗಿದರೂ ಹೋಗದ ಸುಸ್ತು, ಎಲ್ಲ ಅದರಿಂದಲೇ. ಅದನ್ನೇ ನಾವು ‘ಸೋಮಾರಿ’, ‘ಕರೆಂಟ್ ಹೋಯ್ತು’ ಅಂತ ಕರೆಯುವುದು.

ಇದು ನಮ್ಮ ಮನೆಯೊಂದರ ಕಥೆ ಆಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಹೆಂಗಸರದು 53 ಇತ್ತು. ಅಂದರೆ ಕಡಿಮೆಯಾಗುವ ಬದಲು ಹೆಚ್ಚಾಗಿದೆ. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದೆ. ಈ ಪೆಂಡಾಲಿನಲ್ಲಿ ಬಲಗಡೆ ಕೂತಿರುವ ತಾಯಂದಿರನ್ನು ಒಮ್ಮೆ ನೋಡಿ, ಲೆಕ್ಕ ನೀವೇ ಹಾಕಿ.

ತಿಂಗಳು ತಿಂಗಳು ರಕ್ತ ಹೋಗುತ್ತದೆ, ಬಸಿರು ಬಾಣಂತನದಲ್ಲಿ ಕಬ್ಬಿಣದ ಅಂಶ ಖರ್ಚಾಗುತ್ತದೆ, ಅದು ದೇಹದ ಕಾರಣ, ನಿಜ. ಆದರೆ ಖರ್ಚು ಹೆಚ್ಚಿರುವವರಿಗೆ ಆದಾಯವೂ ಹೆಚ್ಚಿರಬೇಕಲ್ಲವೇ? ನಮ್ಮ ಮನೆಗಳಲ್ಲಿ ಊಟಕ್ಕೆ ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಹೆಂಗಸರು. ಸಾರಿನ ಪಾತ್ರೆಯಲ್ಲಿ ಕಾಳು, ಸೊಪ್ಪು, ತುಂಡು ಎಲ್ಲ ಮೊದಲ ಪಂಕ್ತಿಗೇ ಹೋಗಿರುತ್ತದೆ. ಕೊನೆಗೆ ಉಳಿಯುವುದು ಮುದ್ದೆ ಮತ್ತು ತಿಳಿಸಾರು. ಅವ್ವ ಅದನ್ನು ಉಂಡು ಮೇಲೊಂದು ಲೋಟ ಟೀ ಕುಡಿಯುತ್ತಿದ್ದರು. ಊಟದ ಜೊತೆ ಕುಡಿದ ಟೀ, ಊಟದಲ್ಲಿದ್ದ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಅದರ ಬದಲು ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ, ನೆಲ್ಲಿಕಾಯಿ ತಿಂದರೆ ಅದೇ ಸೊಪ್ಪಿನಿಂದ ಹೆಚ್ಚು ಕಬ್ಬಿಣ ಸಿಗುತ್ತದೆ.

ಈಗ ನೋಡಿ, ಕಾಯಿಲೆ ಹುಟ್ಟಿದ್ದು ದೇಹದಲ್ಲಿ. ಬೆಳೆದದ್ದು ಅಡುಗೆಮನೆಯಲ್ಲಿ. ಮುಚ್ಚಿಕೊಂಡಿದ್ದು ನಾಚಿಕೆಯಲ್ಲಿ. ಆಸ್ಪತ್ರೆಗೆ ತಡವಾಗಿದ್ದು ದುಡ್ಡಿಲ್ಲದ್ದಕ್ಕಲ್ಲ, ‘ಇದ್ದದ್ದೇ’ ಅನ್ನುವ ಮಾತಿನಿಂದ.

ಆಸ್ಪತ್ರೆಯ ಬಾಗಿಲಿಗೆ ಯಾರು ತಲುಪುತ್ತಾರೆ ಅನ್ನುವುದಕ್ಕೂ ಒಂದು ಲೆಕ್ಕವಿದೆ. ದೆಹಲಿಯ ಏಮ್ಸ್ ಆಸ್ಪತ್ರೆಗೆ 2016ರಲ್ಲಿ ಹೊರರೋಗಿಗಳಾಗಿ ಬಂದವರ ಸುಮಾರು 24 ಲಕ್ಷ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ದೆಹಲಿಯೊಳಗಿನಿಂದ 100 ಹೆಂಗಸರು ಬಂದರೆ 141 ಗಂಡಸರು ಬಂದಿದ್ದರು. ದೂರದ ಬಿಹಾರದಿಂದ 100 ಹೆಂಗಸರಿಗೆ 237 ಗಂಡಸರು. ದೂರ ಹೆಚ್ಚಿದಷ್ಟೂ ಹೆಂಗಸರು ಕಡಿಮೆ. ಬಿಹಾರದ ಹೆಂಗಸರಿಗೆ ಕಾಯಿಲೆ ಕಡಿಮೆ ಅಂತಲ್ಲ. ಅಷ್ಟು ದೂರ ಕರೆದುಕೊಂಡು ಹೋಗುವಷ್ಟು ದೊಡ್ಡ ಕಾಯಿಲೆ ಅಂತ ಮನೆಯವರಿಗೆ ಅನ್ನಿಸಲಿಲ್ಲ. ನಮ್ಮಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಬಸ್ ಚಾರ್ಜಿನ ಅಡ್ಡಿ ಹೋಯಿತು. ಆದರೆ ‘ಹಸು ಯಾರು ಕರೀತಾರೆ, ಅಡುಗೆ ಯಾರು ಮಾಡ್ತಾರೆ, ಜೊತೆಗೆ ಯಾರು ಬರ್ತಾರೆ’ ಅನ್ನುವ ಅಡ್ಡಿಯನ್ನು ಸರ್ಕಾರ ತೆಗೆಯಲಾರದು. ಅದನ್ನು ತೆಗೆಯಬೇಕಾದವರು ಮನೆಯವರು.

ಇನ್ನೊಂದು ಲೆಕ್ಕ. 1995ರಿಂದ 2021ರವರೆಗೆ ನಮ್ಮ ದೇಶದಲ್ಲಿ ನಡೆದ 36,640 ಅಂಗಾಂಗ ಕಸಿಗಳಲ್ಲಿ 29,695 ಗಂಡಸರಿಗೆ, 6,945 ಹೆಂಗಸರಿಗೆ. ಆದರೆ ಬದುಕಿರುವಾಗಲೇ ಕಿಡ್ನಿ, ಲಿವರ್ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು: ತಾಯಿ, ಹೆಂಡತಿ, ಅಕ್ಕ. ಕೆಲವು ಕಾಯಿಲೆ ಗಂಡಸರಲ್ಲಿ ಹೆಚ್ಚು ಇರಬಹುದು. ಆದರೂ ನಾಲ್ಕಕ್ಕೆ ಒಂದು ಅನ್ನುವ ಅಂತರಕ್ಕೆ ಅದೊಂದೇ ಕಾರಣ ಅಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಕುಟುಂಬ ಯೋಜನೆಯನ್ನೇ ನೋಡಿ. ಗಂಡಸರಿಗೆ ಮಾಡುವ ಶಸ್ತ್ರಚಿಕಿತ್ಸೆ ಹೆಚ್ಚು ಸುಲಭ. ಆದರೂ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹೆಣ್ಣಿಗೆ ಆಪರೇಷನ್ ಆಗಿರುವ ದಂಪತಿಗಳು ನೂರಕ್ಕೆ ಸುಮಾರು 38, ಗಂಡಿಗೆ ಆಗಿರುವವರು ಸಾವಿರಕ್ಕೆ 3.

ಇದು ನಮ್ಮ ಹಳ್ಳಿಯ, ನಮ್ಮ ದೇಶದ ದೋಷ ಮಾತ್ರ ಅಂತ ತಿಳಿಯಬೇಡಿ. ವಿಜ್ಞಾನವೂ ಬಹಳ ಕಾಲ ಗಂಡಸಿನ ದೇಹವನ್ನೇ ಅಳತೆಗೋಲು ಮಾಡಿಕೊಂಡಿತ್ತು. ಆಸ್ಪಿರಿನ್ ಮಾತ್ರೆ ಹೃದಯಾಘಾತ ತಡೆಯುತ್ತದೆಯೇ ಅಂತ 1980ರ ದಶಕದಲ್ಲಿ ಅಮೆರಿಕದಲ್ಲಿ 22,071 ವೈದ್ಯರ ಮೇಲೆ ಪರೀಕ್ಷೆ ಮಾಡಿದರು. ಎಲ್ಲರೂ ಗಂಡಸರು. ತಡೆಯುತ್ತದೆ ಅಂತ ಗೊತ್ತಾಯಿತು. ಹೆಂಗಸರ ಮೇಲೆ ಅಂಥದ್ದೇ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದದ್ದು 2005ರಲ್ಲಿ. ಅಲ್ಲಿ ಮೊದಲ ಹೃದಯಾಘಾತವನ್ನು ಅದು ಅಷ್ಟಾಗಿ ತಡೆಯಲಿಲ್ಲ, ಪಾರ್ಶ್ವವಾಯುವನ್ನು ಸ್ವಲ್ಪ ಕಡಿಮೆ ಮಾಡಿತು. (ಇದನ್ನು ಕೇಳಿ ಯಾರೂ ತೆಗೆದುಕೊಳ್ಳುತ್ತಿರುವ ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.) ಜೋಲ್ಪಿಡೆಮ್ ಅನ್ನುವ ನಿದ್ರೆ ಮಾತ್ರೆ ಹೆಂಗಸರ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ ಅಂತ, ಅದು ಮಾರಾಟಕ್ಕೆ ಬಂದು ಎಷ್ಟೋ ವರ್ಷವಾದ ಮೇಲೆ, 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೆಂಗಸರಿಗೆ ಹೇಳುವ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು.

ಹೃದಯಾಘಾತ ಅಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಗಂಡಸೊಬ್ಬ ಎಡ ಎದೆ ಹಿಡಿದು ಬೀಳುವುದು ಅಂತ ನಮ್ಮ ತಲೆಯಲ್ಲಿದೆ. ಹೆಂಗಸರಿಗೂ ಎದೆನೋವು ಬರುತ್ತದೆ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಏದುಸಿರು, ವಾಕರಿಕೆ, ಬೆನ್ನು ಅಥವಾ ದವಡೆ ನೋವು, ವಿಪರೀತ ಸುಸ್ತು ಕಾಣಿಸಬಹುದು. ಅದನ್ನು ‘ಗ್ಯಾಸ್ಟ್ರಿಕ್’ ಅಂದುಕೊಂಡು ಬಿಸಿನೀರು ಕೊಟ್ಟು ಮಲಗಿಸುತ್ತೇವೆ. ನಮ್ಮ ಅಪ್ಪನ ಗ್ಯಾಸ್ಟ್ರಿಕ್‌ಗೆ ಹೃದಯಾಘಾತದ ಮರ್ಯಾದೆ ಸಿಕ್ಕಿತು. ಎಷ್ಟೋ ತಾಯಂದಿರ ಹೃದಯಾಘಾತಕ್ಕೆ ಗ್ಯಾಸ್ಟ್ರಿಕ್‌ನ ಮರ್ಯಾದೆ ಸಿಗುತ್ತದೆ.

ಗಂಡಸರೂ ಇದರಿಂದ ತಪ್ಪಿಸಿಕೊಂಡಿಲ್ಲ. ‘ಗಂಡಸಾಗಿ ಅಳ್ತೀಯೇನೋ’ ಅಂತ ಚಿಕ್ಕಂದಿನಲ್ಲಿ ಹೇಳಿಸಿಕೊಂಡವರು ದೊಡ್ಡವರಾದ ಮೇಲೆ ಸಂಕಟವನ್ನು ಯಾರ ಹತ್ತಿರ ಹೇಳುತ್ತಾರೆ? 2021ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ನೂರಕ್ಕೆ 72ಕ್ಕಿಂತ ಹೆಚ್ಚು ಮಂದಿ ಗಂಡಸರು. ಸಾಲ, ಕುಡಿತ, ಒಂಟಿತನ, ಒಂದನ್ನೂ ಬಾಯಿಬಿಟ್ಟು ಹೇಳಲಾರದ ಗಟ್ಟಿತನ. ಹೆಂಗಸಿನ ನೋವಿಗೆ ‘ಇದ್ದದ್ದೇ’ ಅನ್ನುತ್ತೇವೆ, ಗಂಡಸಿನ ನೋವಿಗೆ ‘ಇರಬಾರದು’ ಅನ್ನುತ್ತೇವೆ. ಎರಡೂ ಮಾತು ಆಸ್ಪತ್ರೆಯ ದಾರಿಯನ್ನೇ ಮುಚ್ಚುತ್ತವೆ.

ಅವ್ವನ ವಿಷಯಕ್ಕೆ ಬರುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಹಾಕಿದರು. ಆಮೇಲೆ ನಾವು ಒಂದು ನರ್ಸಿಂಗ್ ಹೋಮಿಗೆ ತೋರಿಸಿದೆವು. ಸ್ಕ್ಯಾನ್ ನೋಡಿ ಎರಡೇ ನಿಮಿಷದಲ್ಲಿ, ‘ಗಡ್ಡೆ ಇದೆ. ಮಕ್ಕಳು ದೊಡ್ಡವರಾಗಿದ್ದಾರಲ್ಲ, ಗರ್ಭಕೋಶ ತೆಗೆಸಿಬಿಡಿ’ ಅಂದರು. ಅಪ್ಪ, ನಾನು ತಲೆಯಾಡಿಸಿದೆವು. ಅವ್ವನನ್ನು ಯಾರೂ ಕೇಳಲಿಲ್ಲ. ವಾಪಸು ತಾಲ್ಲೂಕು ಆಸ್ಪತ್ರೆಗೆ ಹೋದಾಗ ಅಲ್ಲಿನ ಲೇಡಿ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಅವ್ವನ ಹತ್ತಿರ ಒಬ್ಬರೇ ಮಾತಾಡಿದರು. ಗಡ್ಡೆ ಚಿಕ್ಕದು, ಮೊದಲು ಔಷಧಿಯಲ್ಲಿ ನೋಡೋಣ, ಆಗದಿದ್ದರೆ ಆಪರೇಷನ್ ಇದ್ದೇ ಇದೆ ಅಂತ ವಿವರಿಸಿದರು. ಹಾಗೇ ಗುಣವೂ ಆಯಿತು. ಆಪರೇಷನ್ ಬೇಕಾದವರಿಗೆ ಬೇಕೇ ಬೇಕು, ಅದು ಜೀವ ಉಳಿಸುತ್ತದೆ. ಆದರೆ ಅದು ಮೊದಲ ಉತ್ತರ ಆಗಬಾರದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಹೆಂಗಸರ ಸಮೀಕ್ಷೆ ಮಾಡಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ತೆಗೆದಿರುವುದು ಗೊತ್ತಾಯಿತು. ಅಲ್ಲಿ ಒಂದು ದಿನ ಕೆಲಸ ತಪ್ಪಿದರೆ ಕೂಲಿ ಹೋಗುವುದಲ್ಲದೆ ದಂಡವೂ ಬೀಳುತ್ತದೆ. ಮುಟ್ಟಿನ ನೋವಿಗೆ ರಜೆ ಇಲ್ಲದ ಕಡೆ ಗರ್ಭಕೋಶವೇ ಹೋಗುತ್ತದೆ.

ಇನ್ನು ನನ್ನ ಕೆಲಸದ ಮಾತು. ಆ ಘಟನೆ ಆದ ಮೇಲಿನ ವರ್ಷ ನಮ್ಮ ತಂಡಕ್ಕೆ ಆಸ್ಪತ್ರೆಗಳಲ್ಲಿ ರೋಗಿಗಳ ಹೆಸರು ನೋಂದಾಯಿಸುವ ಸಾಫ್ಟ್‌ವೇರ್ ಮಾಡುವ ಕೆಲಸ ಬಂತು. ಮೊಬೈಲ್ ನಂಬರಿಗೆ ಒಂದೇ ಒಂದು ಜಾಗ ಇಟ್ಟಿದ್ದೆವು. ಅಲ್ಲಿಗೇ ವರದಿ, ಅಲ್ಲಿಗೇ ಮುಂದಿನ ತಪಾಸಣೆಯ ದಿನಾಂಕ. ಪರೀಕ್ಷೆಗೆಂದು ಒಂದು ಆಸ್ಪತ್ರೆಗೆ ಹೋದಾಗ ಅಲ್ಲಿನ ನರ್ಸ್ ಅಕ್ಕ ಹೇಳಿದರು: ‘ಸರ್, ಹೆಂಗಸರು ಬರೆಸೋದು ಗಂಡಂದೋ ಮಗಂದೋ ನಂಬರು. ರಿಪೋರ್ಟ್ ಬಂದಿರೋದೇ ಅವರಿಗೆ ಗೊತ್ತಾಗಲ್ಲ.’ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ, ಆ ಮಗ ನಾನೇ. ‘ಈ ನಂಬರು ಯಾರದು?’ ಅಂತ ಒಂದು ಪ್ರಶ್ನೆ ಸೇರಿಸಿದೆವು. ಅದು ರೋಗಿಯದಲ್ಲದಿದ್ದರೆ ಮತ್ತೆ ಬರಬೇಕಾದ ದಿನವನ್ನು ಕನ್ನಡದಲ್ಲಿ ಅಚ್ಚುಹಾಕಿದ ಚೀಟಿಯನ್ನು ರೋಗಿಯ ಕೈಗೇ ಕೊಡುವ ಹಾಗೆ ಮಾಡಿದೆವು. ಒಂದು ವಾರದ ಕೆಲಸ. ನನ್ನ ಕೆಲಸದಲ್ಲಿ ಹೆಮ್ಮೆಪಡುವಂಥದ್ದು ಏನು ಅಂತ ಯಾರಾದರೂ ಕೇಳಿದರೆ ಆ ಚೀಟಿಯನ್ನೇ ಹೇಳುತ್ತೇನೆ. ಮುಂದೆ ಎಂಜಿನಿಯರ್ ಆಗುವ ಮಕ್ಕಳೇ, ನೀವು ಬರೆಯುವ ಪ್ರೋಗ್ರಾಮಿನ ಒಂದು ಖಾಲಿ ಜಾಗದ ಹಿಂದೆಯೂ ಯಾರದೋ ಮನೆಯ ರೂಢಿ ಅಡಗಿರುತ್ತದೆ.

ಇವತ್ತು ಶಾಲೆಗೆ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಬರುತ್ತದೆ, ಜಂತುಹುಳದ ಮಾತ್ರೆಯೂ ಬರುತ್ತದೆ, ಹುಡುಗರಿಗೂ ಹುಡುಗಿಯರಿಗೂ. ನಮ್ಮ ಕಾಲದಲ್ಲಿ ಇರಲಿಲ್ಲ. ಅದನ್ನು ಕಿಟಕಿಯಿಂದ ಆಚೆ ಎಸೆಯಬೇಡಿ. ಊಟ ಆದ ಮೇಲೆ ನುಂಗಿ. ಮಲ ಕಪ್ಪಾದರೆ ಹೆದರಬೇಡಿ, ಹೊಟ್ಟೆ ತೊಳೆಸಿದರೆ ಶಿಕ್ಷಕರಿಗೋ ಆಶಾ ಕಾರ್ಯಕರ್ತೆಗೋ ಹೇಳಿ.

ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ನನ್ನದು ಮೂರು ಕೋರಿಕೆ. ಒಂದು, ಸುವರ್ಣ ಮಹೋತ್ಸವದ ಸ್ಮಾರಕ ಅಂತ ಕಮಾನು ಕಟ್ಟುವ ಮೊದಲು ಹುಡುಗಿಯರ ಶೌಚಾಲಯಕ್ಕೆ ದಿನವಿಡೀ ನೀರು ಬರುವ ಹಾಗೆ ಮಾಡೋಣ. ಎರಡು, ಪ್ರತಿ ವರ್ಷ ಜೂನ್‌ನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ ಎಲ್ಲ ಮಕ್ಕಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸೋಣ, ಆ ದಿನ ತಾಯಂದಿರೂ ಬರಲಿ. ಖರ್ಚು ಬಂದರೆ ನಮ್ಮ ಬ್ಯಾಚ್ ಕೊಡುತ್ತದೆ. ಮೂರು, ಮುಟ್ಟಿನ ಪಾಠ ಮಾಡುವಾಗ ಹುಡುಗರನ್ನು ಆಟಕ್ಕೆ ಕಳಿಸಬೇಡಿ. ನಮ್ಮನ್ನು ಆಟಕ್ಕೆ ಕಳಿಸಿದ್ದರಿಂದಲೇ ನಾವು ನಕ್ಕಿದ್ದು.

ಬೆಳಿಗ್ಗೆ ಗೇಟಿನ ಹತ್ತಿರ ಆ ಗೆಳತಿ ಸಿಕ್ಕಳು. ಅವಳ ಮಗಳು ಈಗ ಇದೇ ಶಾಲೆಯಲ್ಲಿ ಎಂಟನೆಯ ತರಗತಿ. ನಾನು ಕ್ಷಮೆ ಕೇಳಿದೆ. ಅವಳು ನಕ್ಕು, ‘ಅಯ್ಯೋ ಬಿಡೋ, ಅದನ್ನೆಲ್ಲ ಯಾರು ನೆನಪಿಟ್ಕೊಂಡಿರ್ತಾರೆ’ ಅಂದಳು. ಆಮೇಲೆ ಸ್ವಲ್ಪ ಸುಮ್ಮನಿದ್ದು, ‘ಆಗ ಎದ್ದು ಕೂತ್ಕೊಳ್ಳೋವಾಗ ನಿಮ್ಮ ನಗು ಮೊದಲು ಕೇಳಿಸ್ತಿತ್ತು’ ಅಂದಳು. ಅವಳು ಮರೆತಿಲ್ಲ. ಅದಕ್ಕೇ ಅವಳಿಗೆ ಹೇಳಿದ್ದನ್ನು ಇಲ್ಲಿ ಎಲ್ಲರ ಎದುರಿಗೂ ಹೇಳುತ್ತಿದ್ದೇನೆ: ತಪ್ಪಾಯಿತು.

ಅವ್ವ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಈಗ ಅವರ ಹಿಮೋಗ್ಲೋಬಿನ್ 12ರ ಮೇಲಿದೆ, ಅವರದೇ ಫೋನೂ ಇದೆ. ಈ ಕಥೆಯನ್ನು ವೇದಿಕೆಯ ಮೇಲೆ ಹೇಳಲೇ ಅಂತ ಕೇಳಿದಾಗ ಮೊದಲು ಸಂಕೋಚಪಟ್ಟರು. ಆಮೇಲೆ, ‘ಹೇಳು. ನಿನ್ನ ಎಸ್ಸೆಮ್ಮೆಸ್ ವಿಷಯಾನೂ ಬಿಡದೆ ಹೇಳು’ ಅಂದರು. ಹೇಳಿದ್ದೇನೆ.

ಇವತ್ತು ರಾತ್ರಿ ಊಟಕ್ಕೆ ಕೂರುವಾಗ ಮನೆಯ ಹೆಂಗಸರನ್ನೂ ಮೊದಲ ಪಂಕ್ತಿಗೇ ಕೂರಿಸಿ. ಅವರು ‘ನಂದು ಆಮೇಲೆ’ ಅಂದರೆ ಒಪ್ಪಬೇಡಿ. ಯಾರಾದರೂ ‘ಇದ್ದದ್ದೇ’ ಅಂದರೆ, ‘ಯಾವಾಗಿನಿಂದ?’ ಅಂತ ಕೇಳಿ. ಆ ಒಂದು ಪ್ರಶ್ನೆಯನ್ನು ನಾನು ನಾಲ್ಕು ವರ್ಷ ಮೊದಲೇ ಕೇಳಬೇಕಿತ್ತು.